ಕರೆಂಟು ಕೊಡಿಸಿಕೊಂಡು ಬಂದರಷ್ಟೇ ಫಿಸಿಯೋಥೆರಪಿ ಆಗಲ್ಲ

"ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದರೆ ನಮ್ಮ ಕೋಲಾರದ ಕಡೆ ಯಾರೂ "ಫಿಸಿಯೋಥೆರಪಿಗೆ" ಅನ್ನುವುದಿಲ್ಲ. "ಕರೆಂಟು ಕೊಡಿಸ್ಕೊಂಡು ಬಂದೆ" ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಆ ಕೋಣೆ ಮುಂದಿನ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತರೆ ಸಾಕು, ಈ ಮಾತು ನಾಲ್ಕು ಸಲ ಕಿವಿಗೆ ಬೀಳುತ್ತದೆ. ಮಂಡಿಗೆ ಐದು ದಿನ ಕರೆಂಟು, ಸೊಂಟಕ್ಕೆ ಹತ್ತು ದಿನ ಕರೆಂಟು, ಭುಜಕ್ಕೆ ಎಷ್ಟು ಕರೆಂಟು ಕೊಟ್ಟರೂ ಕಮ್ಮಿ ಆಗಲಿಲ್ಲ, ಬೆಂಗಳೂರಲ್ಲಿ ಇನ್ನೂ ದೊಡ್ಡ ಮಷೀನ್ ಇದೆಯಂತೆ. ನಾನೂ ಹೀಗೇ ಅಂದುಕೊಂಡಿದ್ದವನೇ. ಮೊದಲು ನನ್ನ ಭುಜ, ಆಮೇಲೆ ನಮ್ಮಮ್ಮನ ಸೊಂಟ, ಎರಡೂ ಸೇರಿ ಎರಡು ವರ್ಷ ನನ್ನನ್ನು ಅಂಥ ಬೆಂಚುಗಳ ಮೇಲೆ ಕೂರಿಸಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಆ ಕೋಣೆಯಲ್ಲಿ ಎಲ್ಲಕ್ಕಿಂತ ಕಮ್ಮಿ ಕೆಲಸ ಮಾಡುವುದು ಆ ಕರೆಂಟಿನ ಡಬ್ಬಿನೇ.

ಹಾಗಾದರೆ ಅಲ್ಲಿ ನಡೆಯುವುದೇನು? ಸುಮ್ನೆ ಹೇಳಬೇಕಂದರೆ, ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಆಪರೇಷನ್ನಿಂದಲೋ ನಿಮ್ಮ ಮೈ ಮರೆತಿರುವ ಕೆಲಸವನ್ನು ಅದಕ್ಕೆ ಮತ್ತೆ ಕಲಿಸುವುದು. ಎದ್ದು ಕೂರುವುದು, ನಡೆಯುವುದು, ಕೈ ಎತ್ತುವುದು, ಕೆಮ್ಮಿ ಕಫ ತೆಗೆಯುವುದು ಕೂಡ. ಕಲಿಯಬೇಕಾದವರು ನೀವು. ಅವರು ಮೇಷ್ಟ್ರು. ಮೇಷ್ಟ್ರು ಎಷ್ಟೇ ಚೆನ್ನಾಗಿದ್ದರೂ ಹೋಂವರ್ಕ್ ಮಾಡದಿದ್ದರೆ ಪಾಸಾಗಲ್ಲ, ಅಲ್ವಾ?

ಇವರನ್ನು ಮಸಾಜ್ ಮಾಡುವವರು ಅಂದುಕೊಳ್ಳುವವರು ಈಗಲೂ ಇದ್ದಾರೆ. ಈಗ ಕೆಲಸದಲ್ಲಿರುವ ಬಹುತೇಕ ಫಿಸಿಯೋಥೆರಪಿಸ್ಟ್‌ಗಳು ಬಿಪಿಟಿ ಅನ್ನುವ ನಾಲ್ಕೂವರೆ ವರ್ಷದ ಡಿಗ್ರಿ ಓದಿದವರು. ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಕೆಲವರು ಎರಡು ವರ್ಷದ ಎಂಪಿಟಿ ಮಾಡಿ ಮೂಳೆ, ನರ, ಎದೆ, ಆಟಗಾರರ ಪೆಟ್ಟು ಅಂತ ಒಂದೊಂದು ದಾರಿ ಹಿಡಿಯುತ್ತಾರೆ. 2021ರಲ್ಲಿ ಬಂದ ಕೇಂದ್ರ ಕಾನೂನು ಈ ಕೆಲಸವನ್ನು ಪ್ರತ್ಯೇಕ ವೃತ್ತಿಯಾಗಿ ಗುರುತಿಸಿದೆ. ಹಾಗಾಗಿ ಮಷೀನ್ ಸ್ವಿಚ್ ಹಾಕುವ ಸಹಾಯಕರು ಬೇರೆ, ನಿಮ್ಮನ್ನು ಪರೀಕ್ಷೆ ಮಾಡಿ ಏನು ಮಾಡಬೇಕು ಅಂತ ತೀರ್ಮಾನಿಸುವವರು ಬೇರೆ. "ನೀವು ಬಿಪಿಟಿ ಮಾಡಿದೀರಾ?" ಅಂತ ಕೇಳುವುದು ತಪ್ಪಲ್ಲ. ಓದಿದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮ್ಮನ ಕಥೆಗೆ ಬರುತ್ತೇನೆ. ಶ್ರೀನಿವಾಸಪುರದ ಕಡೆ ನಮ್ಮ ಹಳ್ಳಿ, ಸುತ್ತ ಮಾವಿನ ತೋಪು, ಮನೆ ಹಿಂದೆ ಎರಡು ಹಸು. ಅಮ್ಮನಿಗೆ ಆಗ 71. ಬೆಳಿಗ್ಗೆ ಹಾಲು ಕರೆಯಲು ಹೋದವರು ಗಂಜಲದ ಮೇಲೆ ಕಾಲು ಜಾರಿ ಬಿದ್ದರು, ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಂಬುಲೆನ್ಸ್ ಬರುವ ಮೊದಲೇ ನೆಂಟರೊಬ್ಬರು "ಪುತ್ತೂರಿಗೆ ಕರ್ಕೊಂಡ್ ಹೋಗಿ, ಕಟ್ಟು ಹಾಕಿಸಿದ್ರೆ ಆಗುತ್ತೆ" ಅಂತ ಶುರು ಮಾಡಿದರು. ಆಂಧ್ರದ ಪುತ್ತೂರು ನಮಗೆ ಹತ್ತಿರ, ಕೈ ಮುರಿದರೂ ಕಾಲು ಮುರಿದರೂ ಮೊದಲು ಬಾಯಿಗೆ ಬರುವ ಊರು ಅದೇ. ಆದರೆ ಸೊಂಟದ ಒಳಗಿನ ಮೂಳೆ ಹೊರಗಿನ ಕಟ್ಟಿಗೆ ಸಿಗುವ ಜಾಗದಲ್ಲಿ ಇರುವುದಿಲ್ಲ. ಆಪರೇಷನ್ ಮಾಡಿ ಕೀಲಿನ ಚೆಂಡನ್ನೇ ಬದಲಿಸಿದರು.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ವಾರ್ಡಿಗೆ ಒಬ್ಬ ಹುಡುಗಿ ವಾಕರ್ ಹಿಡಿದುಕೊಂಡು ಬಂದಳು. "ಅಮ್ಮ, ಎದ್ದು ನಿಂತ್ಕೊಳ್ಳೋಣ್ವಾ?" ಅಮ್ಮ ನನ್ನ ಮುಖ ನೋಡಿದರು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಜಗಳಕ್ಕೇ ನಿಂತ. "ನಿನ್ನೆ ತಾನೇ ಕುಯ್ದಿದಾರೆ ಮೇಡಂ, ರೆಸ್ಟ್ ಬೇಡ್ವಾ?" ಆ ಹುಡುಗಿಗೆ ಇದು ದಿನಾ ಕೇಳುವ ಪ್ರಶ್ನೆ ಇರಬೇಕು, ಬೇಜಾರು ಮಾಡಿಕೊಳ್ಳದೆ ಹೇಳಿದಳು. ವಯಸ್ಸಾದವರು ಮಲಗಿದಲ್ಲೇ ಇದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ನ್ಯುಮೋನಿಯಾ ಆಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ತುಣುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬೆನ್ನಲ್ಲಿ ಹುಣ್ಣಾಗುತ್ತದೆ. ತೊಡೆಯ ಮಾಂಸಖಂಡ ದಿನದಿಂದ ದಿನಕ್ಕೆ ಕರಗುತ್ತದೆ. ಸೊಂಟ ಮುರಿದ ಮುದುಕರ ವಿಷಯದಲ್ಲಿ ಮೂಳೆಗಿಂತ ಜಾಸ್ತಿ ಹೆದರಬೇಕಾದದ್ದು ಹಾಸಿಗೆಗೆ.

ಆ ದಿನ ಅಮ್ಮ ನಿಂತದ್ದು ಅರ್ಧ ನಿಮಿಷ. ತಲೆ ಸುತ್ತಿತು, ಕೂರಿಸಿದರು. ಅಷ್ಟೇ. ಮಧ್ಯಾಹ್ನ ಮತ್ತೆ ಬಂದಳು, ನಾಲ್ಕು ಹೆಜ್ಜೆ. ಆಪರೇಷನ್ ಆದವರು ನಿರೀಕ್ಷೆ ಮಾಡಬೇಕಾದದ್ದು ಇದನ್ನೇ. ಮಂಡಿ ಕೀಲು ಬದಲಿಸಿದರೂ, ಸೊಂಟದ ಕೀಲು ಬದಲಿಸಿದರೂ, ಬೇರೆ ತೊಂದರೆ ಇಲ್ಲದಿದ್ದರೆ ಅದೇ ದಿನ ಅಥವಾ ಮಾರನೇ ದಿನವೇ ಎಬ್ಬಿಸುತ್ತಾರೆ. ಎಷ್ಟು ಭಾರ ಹಾಕಬಹುದು ಅನ್ನುವುದನ್ನು ಸರ್ಜನ್ ಬರೆದಿರುತ್ತಾರೆ. ಅದನ್ನು ನೀವೂ ಕೇಳಿ ತಿಳಿದುಕೊಳ್ಳಿ, ಯಾಕೆಂದರೆ ಮನೆಗೆ ಹೋದ ಮೇಲೆ ಪಕ್ಕದ ಮನೆಯವರು ಬೇರೆಯೇ ಹೇಳುತ್ತಾರೆ.

ವಾರ್ಡಿನಲ್ಲಿ ಕೊಡುವ ವ್ಯಾಯಾಮಗಳು ನೋಡಲು ತಮಾಷೆ ಅನಿಸುತ್ತವೆ. ಪಾದ ಮೇಲೆ ಕೆಳಗೆ ಆಡಿಸಿ ಅನ್ನುತ್ತಾರೆ. ಇದಕ್ಕೆ ಡಿಗ್ರಿ ಬೇಕಾ ಅಂತ ನಗು ಬರುತ್ತದೆ. ಆದರೆ ಮೀನಖಂಡ ಬಿಗಿಯಾಗಿ ಸಡಿಲವಾದಾಗಲೆಲ್ಲ ಕಾಲಿನ ರಕ್ತವನ್ನು ಪಂಪ್ ಥರ ಮೇಲಕ್ಕೆ ತಳ್ಳುತ್ತದೆ, ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಲು ಅದೂ ಒಂದು ದಾರಿ. ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ಅದನ್ನು ಅಮುಕಿ ಹಿಡಿಯಿರಿ ಅನ್ನುವುದು ತೊಡೆಯ ಮುಂದಿನ ಮಾಂಸಖಂಡಕ್ಕೆ. ಅದು ಸೋತರೆ ಮಂಡಿ ಕುಸಿಯುತ್ತದೆ.

ಇನ್ನು ಉಸಿರಿನ ವ್ಯಾಯಾಮಕ್ಕೆ ಕೊಡುವ ಆ ಮೂರು ಚೆಂಡಿನ ಡಬ್ಬಿ, ಸ್ಪೈರೋಮೀಟರ್. ಹೊಟ್ಟೆ ಅಥವಾ ಎದೆ ಆಪರೇಷನ್ ಆದವರ ತಲೆದೆಸೆಯಲ್ಲಿ ಇದ್ದೇ ಇರುತ್ತದೆ, ಹತ್ತರಲ್ಲಿ ಆರು ಜನ ಅದನ್ನು ಬಲೂನ್ ಊದುವ ಹಾಗೆ ಊದುವುದನ್ನು ನಾನೇ ನೋಡಿದ್ದೇನೆ. ಅದು ಊದುವುದಲ್ಲ, ಎಳೆಯುವುದು. ಎಳನೀರು ಹೀರುವ ಹಾಗೆ ನಿಧಾನವಾಗಿ ಉಸಿರು ಒಳಗೆ ಎಳೆದು, ಚೆಂಡು ಮೇಲೆದ್ದ ಮೇಲೆ ಎರಡು ಮೂರು ಸೆಕೆಂಡು ಹಿಡಿದು, ಆಮೇಲೆ ಬಾಯಿಂದ ತೆಗೆದು ಬಿಡಬೇಕು. ಡಬ್ಬಿಯ ಮೇಲೆ 600, 900, 1200 ಅಂತ ಬರೆದಿರುವುದು ಪ್ರತಿ ಸೆಕೆಂಡಿಗೆ ಎಷ್ಟು ಗಾಳಿ ಎಳೆದಿರಿ ಅನ್ನುವ ಲೆಕ್ಕ, ಮಾರ್ಕ್ಸ್ ಅಲ್ಲ. ಮೂರೂ ಚೆಂಡು ಧಡ್ ಅಂತ ಎದ್ದು ಬೀಳುವುದಕ್ಕಿಂತ ಒಂದೇ ಚೆಂಡು ನಿಂತಿರುವುದು ಮೇಲು. ಕೆಮ್ಮಬೇಕಾದಾಗ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿದುಕೊಂಡು ಕೆಮ್ಮಿ. ಹೊಲಿಗೆ ಬಿಚ್ಚುತ್ತದೆ ಅನ್ನುವ ಹೆದರಿಕೆಗೆ ಕೆಮ್ಮದೇ ಇರುವುದು ಬೇಡ.

ಡಿಸ್ಚಾರ್ಜ್ ಆಗುವ ದಿನ ಎಲ್ಲರಿಗೂ ಬಿಲ್ಲಿನ ಗಡಿಬಿಡಿ. ಆದರೂ ಫಿಸಿಯೋ ಮೇಡಂ ಅನ್ನು ಹತ್ತು ನಿಮಿಷ ಹಿಡಿದು ಕೂರಿಸಿಕೊಳ್ಳಿ. ಮನೆ ಹೇಗಿದೆ ಅಂತ ಅವರಿಗೆ ಹೇಳಿ. ನಮ್ಮ ಮನೆಯಲ್ಲಿ ಹೊಸ್ತಿಲು ಎತ್ತರ, ಬಚ್ಚಲು ಹಿತ್ತಲಲ್ಲಿ, ಕೂರುವ ಶೌಚಾಲಯ ಇಲ್ಲ. ಇದನ್ನೆಲ್ಲ ಕೇಳಿಯೇ ಅವರು ಹೇಳಿದ್ದು, ಕಮೋಡ್ ಕುರ್ಚಿ ತಗೊಳ್ಳಿ, ನೆಲದ ಮೇಲೆ, ಗಿಡ್ಡ ಮಣೆ ಮೇಲೆ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಬಗ್ಗಿ ಕೆಳಗೆ ಬಿದ್ದದ್ದು ತೆಗೆಯಬೇಡಿ. ಬಗ್ಗಿದಾಗ ಹೊಸ ಕೀಲು ಜಾರಿ ಆಚೆ ಬರುವ ಭಯ ಇರುತ್ತದೆ. ಇದು ಎಷ್ಟು ವಾರ ಅನ್ನುವುದು ಯಾವ ಕಡೆಯಿಂದ ಕುಯ್ದಿದ್ದಾರೆ ಅನ್ನುವುದರ ಮೇಲೆ ನಿಂತಿದೆ, ಆದ್ದರಿಂದ ನಿಮ್ಮ ಸರ್ಜನ್ ಹೇಳಿದ್ದೇ ಲೆಕ್ಕ.

ವಾಕರ್ ಎತ್ತರವನ್ನೂ ಅಲ್ಲೇ ಸರಿಮಾಡಿಸಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಚೆನ್ನಾಗಿರುವ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮುಂದೆ ಕೋಲು ಹಿಡಿಯುವ ಕಾಲ ಬಂದಾಗ ನೋವಿರುವ ಕಾಲಿನ ಕಡೆ ಹಿಡಿಯಬೇಡಿ, ಅದರ ಎದುರು ಕೈಯಲ್ಲಿ ಹಿಡಿಯಿರಿ. ನಂಬಲು ಕಷ್ಟ, ಎಲ್ಲರೂ ಉಲ್ಟಾ ಹಿಡಿಯುತ್ತಾರೆ. ಎಡಗಾಲು ನೋವಿದ್ದಾಗ ಬಲಗೈ ಕೋಲಿನ ಮೇಲೆ ಭಾರ ಬಿಟ್ಟು ನಾಲ್ಕು ಹೆಜ್ಜೆ ನಡೆದು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ.

ಈಗ ಹೊರರೋಗಿಗಳ ವಿಷಯ, ಅಂದರೆ ನನ್ನ ಭುಜದ ವಿಷಯ. ನನಗೆ ಸಕ್ಕರೆ ಕಾಯಿಲೆ ಇದೆ. ಒಂದು ದಿನ ಅಂಗಿ ಹಾಕಿಕೊಳ್ಳುವಾಗ ಎಡಗೈ ತೋಳಿಗೆ ಹೋಗಲಿಲ್ಲ. ಊರಲ್ಲಿ ಒಂದು ಕಡೆ ಹೋದೆ, ಹೆಸರು ಬೇಡ. ಹತ್ತು ದಿನದ ಪ್ಯಾಕೇಜ್ ಅಂದರು, ದುಡ್ಡು ಮೊದಲೇ ಕಟ್ಟಿಸಿಕೊಂಡರು. ದಿನಾ ಹೋಗುವುದು, ಬಿಸಿ ಪ್ಯಾಕ್ ಇಡುವುದು, ನಾಲ್ಕು ಪ್ಯಾಡ್ ಅಂಟಿಸಿ ಜುಂ ಅನ್ನಿಸುವುದು, ಗಂಟೆ ಬಾರಿಸಿದ ಮೇಲೆ ಎದ್ದು ಬರುವುದು. ಹತ್ತು ದಿನದಲ್ಲಿ ಒಬ್ಬರೂ ನನ್ನ ಕೈ ಎತ್ತಿ ನೋಡಲಿಲ್ಲ. ಒಬ್ಬರೂ! ಹನ್ನೊಂದನೇ ದಿನ ಕೈ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಬೇರೆ ಆಸ್ಪತ್ರೆಗೆ ಹೋದಾಗ ಮೊದಲ ದಿನ ಮಷೀನ್ ಹತ್ತಿರಕ್ಕೂ ಬಿಡಲಿಲ್ಲ. ಮುಕ್ಕಾಲು ಗಂಟೆ ಬರೀ ಕೇಳಿದ್ದು, ನೋಡಿದ್ದು, ಅಳೆದದ್ದು. ಯಾವಾಗಿಂದ ನೋವು, ರಾತ್ರಿ ಎಚ್ಚರ ಆಗುತ್ತಾ, ಯಾವ ಕೆಲಸ, ಯಾವ ಮಾತ್ರೆ, ಸಕ್ಕರೆ ಎಷ್ಟಿದೆ, ಹಿಂದೆ ಬಿದ್ದದ್ದುಂಟಾ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಡಿ ಅಂದರು. ಎರಡು ಕೈ ಮೂಡಿದ ಪ್ರೊಟ್ರಾಕ್ಟರ್ ಥರದ್ದೊಂದನ್ನು ಭುಜಕ್ಕೆ ಹಿಡಿದು, ಕೈ ಎಷ್ಟು ಡಿಗ್ರಿ ಏಳುತ್ತದೆ ಅಂತ ಅಳೆದು ಬರೆದುಕೊಂಡರು. ನಾನೇ ಎತ್ತಿದಾಗ ಎಷ್ಟು, ಅವರು ಎತ್ತಿದಾಗ ಎಷ್ಟು. ಅವರು ಎತ್ತಿದರೂ ಕೈ ಅಲ್ಲೇ ನಿಂತಿತು. ಮೊಣಕೈ ಪಕ್ಕೆಗೆ ಒತ್ತಿಕೊಂಡು ಕೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತಿರುಗಿಸಲು ಹೋದರೆ ಅಲ್ಲಾಡಲೇ ಇಲ್ಲ. ಅಲ್ಲಿಗೆ ಅವರಿಗೆ ವಿಷಯ ಗೊತ್ತಾಯಿತು, ಫ್ರೋಜನ್ ಶೋಲ್ಡರ್. ಭುಜದ ಕೀಲಿನ ಸುತ್ತಿನ ಚೀಲ ದಪ್ಪವಾಗಿ ಬಿಗಿದುಕೊಳ್ಳುವುದು. ಸಕ್ಕರೆ ಇರುವವರಿಗೆ ಇದು ಬೇರೆಯವರಿಗಿಂತ ಜಾಸ್ತಿ.

ಮೊದಲ ದಿನ ಇಂಥ ಪರೀಕ್ಷೆ ಆಗಲೇಬೇಕು. ಅದಿಲ್ಲದೆ ನೇರ ಮಂಚಕ್ಕೆ ಹತ್ತಿಸಿ ಪ್ಯಾಡ್ ಅಂಟಿಸಿದರೆ ಟೈಲರ್ ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೆ. ಹೋಗುವಾಗ ಡಾಕ್ಟರ್ ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ತಗೊಳ್ಳುವ ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಹೋಗಿ. ಸಡಿಲ ಬಟ್ಟೆ ಹಾಕಿ. ಮಂಡಿ ನೋಡಬೇಕಾದಾಗ ಬಿಗಿ ಪ್ಯಾಂಟ್ ಹಾಕಿಕೊಂಡು ಹೋಗಿ ಪೇಚಾಡುವವರನ್ನು ವಾರಕ್ಕೆ ಇಬ್ಬರನ್ನಾದರೂ ನೋಡಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಒಳ್ಳೆ ಫಿಸಿಯೋ ಒಂದು ಪ್ರಶ್ನೆ ಕೇಳುತ್ತಾರೆ. "ನಿಮಗೆ ಏನು ಮಾಡೋಕೆ ಆಗಬೇಕು?" ನೋವು ಹೋಗಬೇಕು ಅನ್ನುವುದು ಉತ್ತರ ಅಲ್ಲ, ಅದು ಎಲ್ಲರಿಗೂ ಬೇಕು. ನಾನು ಹೇಳಿದ್ದು, ಬೈಕ್ ಓಡಿಸಬೇಕು, ಬೆನ್ನು ಉಜ್ಜಿಕೊಳ್ಳಬೇಕು. ಅಮ್ಮ ಹೇಳಿದ್ದು, "ನಾನೇ ಹೋಗಿ ಹಸು ನೋಡ್ಬೇಕು, ಡೈರಿಗೆ ಹೋಗ್ಬೇಕು." ಅದನ್ನೂ ಫೈಲಿನಲ್ಲಿ ಬರೆದುಕೊಂಡರು. ಆಮೇಲಿನ ವ್ಯಾಯಾಮ ಎಲ್ಲ ಆ ಕೊಟ್ಟಿಗೆಯ ಕಡೆಗೇ ಹೋಯಿತು. ಕುರ್ಚಿಯಿಂದ ಏಳುವುದು, ಮಣ್ಣಿನ ಮೇಲೆ ನಡೆಯುವುದು, ಹೊಸ್ತಿಲು ದಾಟುವುದು. ಹಾಲು ಕರೆಯುವುದು ಮಾತ್ರ ಬೇಡ, ಅದಕ್ಕೆ ಕುಕ್ಕರಗಾಲಲ್ಲಿ ಕೂರಬೇಕು ಅಂತ ಮೊದಲೇ ಹೇಳಿಬಿಟ್ಟರು. ಆಗದೇ ಇರುವುದನ್ನು ಆಗಲ್ಲ ಅಂತ ಹೇಳುವವರನ್ನು ನಂಬಬಹುದು ಅನಿಸಿತು ನನಗೆ.

ಮಷೀನ್‌ಗಳ ಬಗ್ಗೆ ಇಷ್ಟು ಬೈದಿದ್ದೇನೆ, ಅವು ಏನು ಅಂತಲೂ ಹೇಳಬೇಕಲ್ಲ. ಪ್ಯಾಡ್ ಅಂಟಿಸಿ ಜುಂ ಅನ್ನಿಸುವುದು ಐಎಫ್‌ಟಿ ಅಥವಾ ಟೆನ್ಸ್. ಚರ್ಮದ ಮೇಲಿಂದ ಸಣ್ಣ ಕರೆಂಟ್ ಬಿಟ್ಟು, ನೋವಿನ ಸುದ್ದಿ ಮೆದುಳಿಗೆ ಹೋಗುವುದನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತದೆ. ಜೆಲ್ ಹಚ್ಚಿ ಉಜ್ಜುವುದು ಅಲ್ಟ್ರಾಸೌಂಡ್, ಸ್ಕ್ಯಾನ್ ಮಾಡುವ ಅಲ್ಟ್ರಾಸೌಂಡ್ ಅಲ್ಲ, ಅದರಲ್ಲಿ ಚಿತ್ರ ಬರುವುದಿಲ್ಲ. ಎಸ್‌ಡಬ್ಲ್ಯುಡಿ ಅಂದರೆ ಒಳಗಿನವರೆಗೆ ಬಿಸಿ ಮುಟ್ಟಿಸುವ ಮಷೀನ್. ಕರಗಿಸಿದ ಮೇಣದಲ್ಲಿ ಕೈ ಅದ್ದಿಸುವುದು ಬೆರಳಿನ ಕೀಲುಗಳಿಗೆ. ಕತ್ತು ಅಥವಾ ಸೊಂಟ ಎಳೆಯುವುದು ಟ್ರ್ಯಾಕ್ಷನ್. ಇವುಗಳಲ್ಲಿ ಬಹಳಷ್ಟು ನೋವನ್ನು ಒಂದಷ್ಟು ಹೊತ್ತು ಇಳಿಸಬಹುದು, ಆ ಹೊತ್ತಿನಲ್ಲಿ ನೀವು ವ್ಯಾಯಾಮ ಮಾಡಿಬಿಡಬೇಕು. ಇಳಿದ ನೋವನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋದರೆ ಸಂಜೆಗೆ ವಾಪಸ್ ಬಂದಿರುತ್ತದೆ.

ಮತ್ತೆ ಇವು ಎಲ್ಲರಿಗೂ ಅಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮಷೀನ್ ಮುಟ್ಟುವ ಮೊದಲೇ ಹೇಳಿ, ಕೇಳಲಿ ಬಿಡಲಿ. ಮೈಯಲ್ಲಿ ರಾಡ್, ಪ್ಲೇಟ್, ಸ್ಕ್ರೂ ಇದ್ದರೆ ಹೇಳಿ, ಆ ಜಾಗಕ್ಕೆ ಎಸ್‌ಡಬ್ಲ್ಯುಡಿ ಇಟ್ಟರೆ ಲೋಹ ಕಾಯುತ್ತದೆ. ಗರ್ಭಿಣಿಯರು ಹೇಳಬೇಕು. ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಹೇಳಬೇಕು. ಸಕ್ಕರೆಯಿಂದ ಪಾದ ಜೋಮು ಹಿಡಿದವರು ಬಿಸಿಯ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು, ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಮನೆಯಲ್ಲಿ ಬಿಸಿನೀರಿನ ಚೀಲ ಕಾಲಿಗೆ ಇಟ್ಟುಕೊಂಡು ನಿದ್ದೆ ಮಾಡಿ, ಬೆಳಿಗ್ಗೆ ಬೊಬ್ಬೆ ನೋಡಿದರು. ಆ ಗಾಯ ಮಾಯಲು ಮೂರು ತಿಂಗಳು.

ವ್ಯಾಯಾಮ ಮಾಡುವಾಗ ನೋವು ಬಂದರೆ ಏನು? ಸ್ವಲ್ಪ ಬರುತ್ತದೆ. ಹಲ್ಲು ಕಚ್ಚಿ ಕಣ್ಣಲ್ಲಿ ನೀರು ಹಾಕಿಕೊಂಡು ಮಾಡಬೇಕಾಗಿಲ್ಲ, ನೋವೇ ಬರಬಾರದು ಅಂತಲೂ ಇಲ್ಲ. ನನಗೆ ಹೇಳಿದ ಲೆಕ್ಕ ಸುಲಭವಾಗಿತ್ತು. ಮಾಡುವಾಗ ನೋವಿನ ನಂಬರ್ ಒಂದೆರಡು ಏರಿದರೆ ಪರವಾಗಿಲ್ಲ, ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಜಾಸ್ತಿ ಆಯಿತು ಅಂತ ಅರ್ಥ, ಕಮ್ಮಿ ಮಾಡಿ. ಬಿಡಬೇಡಿ, ಕಮ್ಮಿ ಮಾಡಿ. ಆದರೆ ಮೀನಖಂಡ ಒಂದೇ ಕಡೆ ಊದಿ ಕೆಂಪಾಗಿ ಬಿಸಿಯಾದರೆ, ಎದೆ ನೋವು ಅಥವಾ ಉಸಿರು ಕಟ್ಟಿದ ಹಾಗಾದರೆ, ಗಾಯದಲ್ಲಿ ಕೀವು ಕಂಡರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು.

ನನ್ನ ಭುಜಕ್ಕೆ ಕೊಟ್ಟದ್ದು ಮೂರೇ. ಮುಂದೆ ಬಗ್ಗಿ ಕೈ ಇಳಿಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವುದು. ದಿನಕ್ಕೆ ಮೂರು ಸಲ. ಅಡುಗೆ ಮನೆ ಗೋಡೆ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ, ಮಗು ಎತ್ತರ ಅಳೆಯುವ ಹಾಗೆ. ಮೊದಲ ಎರಡು ತಿಂಗಳು ಆ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಪೂರ್ತಿ ಸರಿಯಾಗಲು ಒಂದೂಕಾಲು ವರ್ಷ ಹಿಡಿಯಿತು. ಈ ಕಾಯಿಲೆಗೆ ಒಂದರಿಂದ ಮೂರು ವರ್ಷ ಹಿಡಿಯುವುದು ಮಾಮೂಲು ಅಂತ ಅವರು ಮೊದಲ ದಿನವೇ ಹೇಳಿದ್ದರು. ಹತ್ತು ದಿನದಲ್ಲಿ ಗ್ಯಾರಂಟಿ ಅಂದವರ ಹತ್ತಿರ ದುಡ್ಡು ಕಟ್ಟಿ ಬಂದಿದ್ದ ನನಗೆ ಆ ಮಾತು ಕಹಿ ಅನಿಸಿತ್ತು, ನಿಜ.

ಲಕ್ವ ಹೊಡೆದವರ ಮನೆಯವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಮೊದಲು ಆಸ್ಪತ್ರೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಪಾರಿವಾಳದ ರಕ್ತ ಸವರಿಸಲು ಊರೂರು ಸುತ್ತಿ ಬಂದ ಮೇಲೆ ಆ ಗಡುವು ಇರುವುದಿಲ್ಲ. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗಕ್ಕೆ ಇಳಿದ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ, ಪಕ್ಕದ ಚಿಕ್ಕಬಳ್ಳಾಪುರವೂ ಇದ್ದವು, ಆದ್ದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ.

ಲಕ್ವ ಹೊಡೆದವರಿಗೆ ಫಿಸಿಯೋಥೆರಪಿ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಹಾಸಿಗೆ ಪಕ್ಕದಲ್ಲಿ ಶುರುವಾಗುತ್ತದೆ. ಚೇತರಿಕೆ ತುಂಬಾ ಚುರುಕಾಗಿರುವುದು ಮೊದಲ ಮೂರು ತಿಂಗಳು. ಆಮೇಲೆ ನಿಂತುಹೋಗುತ್ತದೆ ಅಂತಲ್ಲ, ನಿಧಾನ ಆಗುತ್ತದೆ. ಅದಕ್ಕೇ "ಸ್ವಲ್ಪ ಸುಧಾರಿಸ್ಕೊಳ್ಲಿ, ಆಮೇಲೆ ಕರ್ಕೊಂಡ್ ಹೋಗೋಣ" ಅಂತ ಈ ಮೂರು ತಿಂಗಳು ಕಳೆಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಮನೆಯವರು ಮಾಡುವ ಇನ್ನೊಂದು ತಪ್ಪು, ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯುವುದು. ಆ ಭುಜವನ್ನು ಹಿಡಿದಿಡುವ ಮಾಂಸಖಂಡಕ್ಕೆ ಶಕ್ತಿ ಇರುವುದಿಲ್ಲ, ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಇರುತ್ತದೆ. ಬೆನ್ನಿಗೆ, ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ. ಕೂತಾಗ ಆ ಕೈ ಕೆಳಗೆ ದಿಂಬು ಇರಲಿ. ಮಾತಾಡಿಸುವಾಗ, ನೀರು ಕೊಡುವಾಗ ಸೋತ ಕಡೆಯಿಂದಲೇ ಹೋಗಿ, ಆ ಕಡೆ ತಿರುಗಿ ನೋಡಲಿ. ಚೆಂಡು ಅಮುಕಿಸುವುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಬೆರಳು ಮುಷ್ಟಿ ಬಿಗಿದುಕೊಂಡಿರುವವರಿಗೆ ಅದನ್ನು ಕೊಡುವ ಮೊದಲು ಫಿಸಿಯೋನ ಕೇಳಿ. ಬಿಗಿದ ಕೈಗೆ ಬೇಕಾದದ್ದು ಬಿಡಿಸುವುದು, ಇನ್ನೂ ಬಿಗಿಯುವುದಲ್ಲ.

ಸೊಂಟ ನೋವಿನವರೇ ಆ ಬೆಂಚಿನಲ್ಲಿ ಜಾಸ್ತಿ. ಟೊಮೆಟೊ ಮಂಡಿಯಲ್ಲಿ ದಿನವಿಡೀ 15 ಕೆಜಿ ಕ್ರೇಟ್ ಎತ್ತಿ ಲಾರಿಗೆ ಹಾಕುವ ಹುಡುಗರು, ಬಗ್ಗಿ ಕಳೆ ಕೀಳುವ ಹೆಂಗಸರು, ದಿನಾ ಬೆಂಗಳೂರಿಗೆ ರೈಲಲ್ಲಿ ನಿಂತುಕೊಂಡೇ ಹೋಗಿ ಬರುವವರು. ಹೆಚ್ಚಿನವರ ಕೈಯಲ್ಲಿ ಎಂಆರ್‌ಐ ಫಿಲ್ಮ್, ಬಾಯಲ್ಲಿ "ಗ್ಯಾಪ್ ಬಂದಿದೆ" ಅನ್ನುವ ಮಾತು. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಸವೆದ ಡಿಸ್ಕ್ ಕಾಣುತ್ತದೆ, ವಯಸ್ಸಾದ ಹಾಗೆ ಕೂದಲು ನರೆತ ಹಾಗೆ ಅದು. ಫಿಲ್ಮ್ ನೋಡಿ ಹೆದರಿ ತಿಂಗಳು ಮಲಗಿದರೆ ಸೊಂಟ ಇನ್ನೂ ಸೋಲುತ್ತದೆ. ಒಳ್ಳೆ ಕಡೆ ಹೋದರೆ ಕ್ರೇಟ್ ಎತ್ತುವುದನ್ನು ಬಿಡಿ ಅನ್ನುವುದಿಲ್ಲ, ಬಿಟ್ಟರೆ ಊಟ ಎಲ್ಲಿಂದ? ಹೇಗೆ ಎತ್ತಬೇಕು ಅಂತ ಖಾಲಿ ಕ್ರೇಟ್ ಕೊಟ್ಟು ಮಾಡಿಸುತ್ತಾರೆ, ಮೈಗೆ ಒತ್ತಿಕೊಂಡು, ಮಂಡಿ ಬಗ್ಗಿಸಿ, ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಿ. ಆದರೆ ಸೊಂಟ ನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ಹೋದರೆ, ಕಾಲು ದಿನದಿಂದ ದಿನಕ್ಕೆ ಸೋತರೆ ಫಿಸಿಯೋಥೆರಪಿಗೆ ಅಲ್ಲ, ಎಮರ್ಜೆನ್ಸಿಗೆ ಹೋಗಬೇಕು.

ನಮ್ಮ ಜಿಲ್ಲೆಯವರು ಇನ್ನೊಂದು ವಿಷಯ ಹೇಳಿಕೊಳ್ಳಬೇಕು, ಯಾವ ನೀರು ಕುಡಿದು ಬೆಳೆದಿರಿ ಅನ್ನುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಎಷ್ಟೋ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ, ಕೀಲುಗಳು ಸೆಟೆದುಕೊಳ್ಳುತ್ತವೆ. ಅಂಥವರ ಕುತ್ತಿಗೆಯನ್ನೋ ಬೆನ್ನನ್ನೋ ಲಟಕ್ ಅನ್ನಿಸಲು ಹೋಗುವುದು ಅಪಾಯ. ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ಫಿಸಿಯೋಗೆ ಅದನ್ನೂ ತೋರಿಸಿ.

ಮಕ್ಕಳ ವಿಷಯ ಒಂದೇ ಮಾತು. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾಗುತ್ತಿದ್ದರೆ "ಅವರಪ್ಪನೂ ಹೀಗೇ ಲೇಟು" ಅಂತ ಕಾಯಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗಾಗಿಯೇ ಡಿಇಐಸಿ ಅನ್ನುವ ಕೇಂದ್ರದ ವ್ಯವಸ್ಥೆ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ದುಡ್ಡು ಮತ್ತು ದೂರ, ಇವೇ ಹೆಚ್ಚಿನವರು ಮಧ್ಯದಲ್ಲಿ ಬಿಡಲು ಕಾರಣ. ಮುಳಬಾಗಿಲಿನ ಆಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದು, ಹದಿನೈದು ನಿಮಿಷ ಕರೆಂಟು ಕೊಡಿಸಿಕೊಂಡು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೆ ಮೊದಲ ದಿನವೇ ಕೇಳಿ. ನನಗೆ ದಿನಾ ಬರಲು ಆಗಲ್ಲ, ವಾರಕ್ಕೊಮ್ಮೆ ಬಂದು ಮನೆಯಲ್ಲಿ ಮಾಡಿಕೊಂಡರೆ ನಡೆಯುತ್ತಾ? ತುಂಬಾ ಸಲ ನಡೆಯುತ್ತದೆ. ವ್ಯಾಯಾಮ ಮಾಡುವುದನ್ನು ನಿಮ್ಮ ಮೊಬೈಲಿನಲ್ಲೇ ವಿಡಿಯೋ ಮಾಡಿಸಿಕೊಳ್ಳಿ, ಎಷ್ಟು ಸಲ ಅಂತ ಬರೆಸಿಕೊಳ್ಳಿ. ಗಡಿ ಕಡೆಯ ಅಜ್ಜಿಯರಿಗೆ ತೆಲುಗಲ್ಲಿ ಹೇಳಿದರೇ ಅರ್ಥ ಆಗೋದು, ತೆಲುಗಲ್ಲೇ ಹೇಳಿ ಅಂತ ಕೇಳಿ. ಖಾಸಗಿ ವಿಮೆ ಇದ್ದರೆ ಒಂದು ಮಾತು. ಹೊರಗಿಂದ ಬಂದು ಹೋಗುವ ಫಿಸಿಯೋಥೆರಪಿಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಅಡ್ಮಿಟ್ ಆಗಿ ಬಂದ ಮೇಲಿನ ಇಷ್ಟು ದಿನ ಅಂತ ಪಾಲಿಸಿಯಲ್ಲಿ ಇದ್ದರೆ ಸಿಗಬಹುದು, ಅದಕ್ಕೆ ಡಾಕ್ಟರ್ ಬರೆದುಕೊಟ್ಟ ಚೀಟಿ ಮತ್ತು ರಸೀದಿ ಬೇಕು.

ಪರದೆ ಎಳೆಯಿರಿ ಅನ್ನಲು ನಾಚಿಕೆ ಪಡಬೇಡಿ. ಹೆಂಗಸರು ಮಹಿಳಾ ಫಿಸಿಯೋ ಬೇಕು ಅಂತ ಕೇಳಬಹುದು, ಇಲ್ಲದಿದ್ದರೆ ಜೊತೆಗೆ ಒಬ್ಬರನ್ನು ಒಳಗೆ ಕರೆದುಕೊಳ್ಳಬಹುದು. ಯಾಕೆ ಮುಟ್ಟುತ್ತಿದ್ದಾರೆ, ಏನು ಮಾಡಲಿದ್ದಾರೆ ಅಂತ ಮೊದಲೇ ಹೇಳುವುದು ಅವರ ಕೆಲಸದ ಭಾಗ. ಬೇಡ ಅನಿಸಿದರೆ ನಿಲ್ಲಿಸಿ ಅನ್ನಿ. ಇನ್ನೊಂದು, ಪ್ರತಿ ಒಂದೆರಡು ವಾರಕ್ಕೆ ಮತ್ತೆ ಅಳೆಯಬೇಕು. ಮೊದಲ ದಿನ 70 ಡಿಗ್ರಿ ಇದ್ದ ಕೈ ಈಗ ಎಷ್ಟಕ್ಕೆ ಬಂದಿದೆ? ನಂಬರ್ ಕೇಳಿ. ಮೂರು ನಾಲ್ಕು ವಾರ ಆದರೂ ನಂಬರ್ ಅಲ್ಲೇ ಇದ್ದು, ಚಿಕಿತ್ಸೆಯೂ ಮೊದಲಿನದೇ ಇದ್ದರೆ ಯಾಕೆ ಅಂತ ಕೇಳಬೇಕಾದ ಹೊತ್ತು ಬಂದಿದೆ. ನನ್ನ ಭುಜದ ಥರ ಕೆಲವು ನಿಜವಾಗಿಯೂ ನಿಧಾನ, ಆದರೆ ಆ ಮಾತು ಅವರ ಬಾಯಿಂದ ಬರಬೇಕು.

ಹಾಗೇ ಸಾಕು ಅನ್ನುವುದೂ ಅವರ ಬಾಯಿಂದಲೇ ಬರಬೇಕು. ಅಮ್ಮನನ್ನು ಕೊನೆಯ ಸಲ ಕರೆದುಕೊಂಡು ಹೋದದ್ದು ನಾಲ್ಕನೇ ತಿಂಗಳು. ಕುರ್ಚಿಯಿಂದ ಕೈ ಊರದೆ ಐದು ಸಲ ಎಬ್ಬಿಸಿ ಕೂರಿಸಿದರು, ಗಡಿಯಾರ ಹಿಡಿದು ನಡೆಸಿದರು, ಫೈಲಿನಲ್ಲಿ ಬರೆದರು. ಹಸು ನೋಡೋಕೆ ಹೋಗ್ತೀರಾ ಅಂತ ಕೇಳಿದರು. ಹೋಗ್ತೀನಿ, ಡೈರಿಗೂ ಹೋಗ್ತೀನಿ, ಕೋಲು ಹಿಡ್ಕೊಂಡು ಅಂದರು ಅಮ್ಮ. "ಸರಿ, ಹಾಗಾದ್ರೆ ಇನ್ನು ಬರೋದು ಬೇಡ ಅಮ್ಮ." ಅಮ್ಮ ಏನೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡ್‌ವರೆಗೂ ಸುಮ್ಮನೆ ನಡೆದು, ಶ್ರೀನಿವಾಸಪುರದ ಬಸ್ ಹತ್ತಿ ಕೂತ ಮೇಲೆ ನನ್ನನ್ನು ಕೇಳಿದರು. "ಯಾಕೋ ಆ ಹುಡುಗಿ ಹಂಗಂದ್ಲು? ನಾನೇನಾದ್ರೂ ತಪ್ಪು ಮಾತಾಡಿದ್ನಾ?"